ಚಿತ್ರ ಅವಳದು, ಚಾಕರಿ ಸ್ಕ್ರಿಪ್ಟಿನದು

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ, ಅಜೆಕಾರು

ಪಿಯು ಕಾಲೇಜಿಗೆ ಒಂದು ವಿಚಿತ್ರ ಗುಣ ಉಂಟು. ಇಲ್ಲಿ ಯಾವ ವಿದ್ಯಾರ್ಥಿಯೂ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಯಾವ ಬಸ್ಸಿನಲ್ಲಿ ಪಾಸ್ ನಡೆಯುತ್ತದೆ, ಲೈಬ್ರರಿಯಲ್ಲಿ ಯಾವ ಫ್ಯಾನ್ ತಿರುಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಮೊದಲನೆಯ ವರ್ಷ ಮುಗಿಯುತ್ತದೆ. ಎರಡನೆಯ ವರ್ಷ ಪಬ್ಲಿಕ್ ಪರೀಕ್ಷೆ, ಸಿಇಟಿ, ನೀಟ್ ಎಂದು ಓಡಿಹೋಗುತ್ತದೆ. ಹಾಗಾಗಿ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸಗಳಿಗೆ ಇಲ್ಲಿ ಆಯುಸ್ಸು ಕಡಿಮೆ.

ನಾವು ಪ್ರಥಮ ಪಿಯುಸಿಗೆ ಸೇರಿದಾಗ ದ್ವಿತೀಯದಲ್ಲಿದ್ದ ಒಬ್ಬರು ಅಕ್ಕ ಭಿತ್ತಿಪತ್ರಿಕೆಗೆ ಚಿತ್ರ ಬಿಡಿಸುತ್ತಿದ್ದರು. ನಾಲ್ಕು ಚೌಕ, ಅದರೊಳಗೆ ಒಂದು ಸಣ್ಣ ತಮಾಷೆ. ತಿಂಗಳಿಗೊಮ್ಮೆ ಭಿತ್ತಿಪತ್ರಿಕೆ ಬದಲಾಗುವಾಗ ಹಳೆಯ ಹಾಳೆಗಳನ್ನು ಕಿತ್ತು ತೆಗೆಯುತ್ತಾರಲ್ಲ, ಅವರ ಚಿತ್ರಗಳೂ ಹಾಗೆಯೇ ಹೋದವು. ಅವರ ಕ್ಲಾಸಿನವರು ಒಂದು ಉಚಿತ ವೆಬ್‌ಸೈಟ್ ಮಾಡಿ ಕೆಲವನ್ನು ಅದರಲ್ಲಿ ಹಾಕಿದ್ದರು. ಅದರ ಪಾಸ್‌ವರ್ಡ್ ಒಬ್ಬರ ಮೊಬೈಲಿನಲ್ಲಿತ್ತು. ಕಾಲೇಜು ಬಿಟ್ಟ ಮೇಲೆ ಅವರ ಸಿಮ್ ಬದಲಾಯಿತು, ಒಟಿಪಿ ಬರುವ ದಾರಿ ಮುಚ್ಚಿತು. ಬಹಳ ದಿನ ಯಾರೂ ಮುಟ್ಟದ ಸೈಟ್ ಎಂದು ಅದನ್ನು ನಡೆಸುವವರು ತೆಗೆದುಹಾಕಿದರು. ಇಷ್ಟೇ ಕಥೆ. ಯಾರ ಮೇಲೂ ಸಿಟ್ಟು ಮಾಡಲು ಜಾಗವಿಲ್ಲ. ಆದರೆ ಇವತ್ತು ಆ ಅಕ್ಕನ ಒಂದು ಚಿತ್ರ ತೋರಿಸಿ ಎಂದರೆ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಆ ಚಿತ್ರಗಳನ್ನು ನೋಡಿಯೇ ಪೆನ್ನು ಹಿಡಿದ ನನ್ನ ಗೆಳತಿಯ ಹತ್ತಿರವೂ ಇಲ್ಲ.

ಈ ಗೆಳತಿಯ ಬಗ್ಗೆ ಹೇಳಬೇಕು. ಹೆಸರು ಹಾಕಬೇಡ ಎಂದಿದ್ದಾಳೆ, ಹಾಕುವುದಿಲ್ಲ. ಅವಳ ಚಿತ್ರಕಥೆಯ ನಾಯಕ ಒಬ್ಬ ಬಸ್ ಕಂಡಕ್ಟರ್. ಬಸ್ಸು ಎಷ್ಟೇ ತುಂಬಿರಲಿ, ಅವನಿಗೆ ಹಿಂದೆ ಯಾವಾಗಲೂ ಜಾಗ ಕಾಣುತ್ತದೆ. "ಪಿರ ಪೋಲೆ, ಪಿರ ಪೋಲೆ" ಎಂದು ತುಳುವಿನಲ್ಲಿ, "ಒಳಗೆ ಹೋಗಿ, ಜಾಗ ಉಂಟು" ಎಂದು ಕನ್ನಡದಲ್ಲಿ ಹೇಳುತ್ತಲೇ ಇರುತ್ತಾನೆ. ಒಂದು ಸ್ಟ್ರಿಪ್‌ನಲ್ಲಿ ಹಿಂದೆ ಹೋಗಿ ಹೋಗಿ ಜನರೆಲ್ಲ ಹಿಂದಿನ ಗಾಜಿನಿಂದ ಹೊರಗೆ ಬಂದು ಬಸ್ಸಿನ ಹಿಂದೆ ನಡೆಯುತ್ತಿರುತ್ತಾರೆ, ಕಂಡಕ್ಟರ್ ಅವರಿಗೂ ಟಿಕೆಟ್ ಹರಿಯುತ್ತಿರುತ್ತಾನೆ. ಅಜೆಕಾರಿನಿಂದ ಬೆಳಗ್ಗಿನ ಬಸ್ಸಲ್ಲಿ ಬರುವ ನಮಗೆ ಇದು ತಮಾಷೆಯೋ ವರದಿಯೋ ಎಂದು ಅನುಮಾನ.

ಕಳೆದ ಜೂನ್‌ನಲ್ಲಿ ಇದನ್ನು ನೆಟ್‌ನಲ್ಲಿ ಹಾಕೋಣ ಎಂದಾಗ ಅವಳು ಬ್ಯಾರಿಯಲ್ಲಿ ಒಂದು ಷರತ್ತು ಹೇಳಿದಳು. ಕನ್ನಡದಲ್ಲಿ ಅದು ಹೀಗೆ: "ಬಿಡಿಸಲಿಕ್ಕೆ ಒಂದು ಗಂಟೆ, ಹಾಕಲಿಕ್ಕೆ ಎರಡು ಗಂಟೆ ಆಗುವುದಾದರೆ ನಾನು ಬಿಡಿಸುವುದೇ ಇಲ್ಲ ಮಾರಾಯ್ತಿ."

ಅವಳು ಹೇಳಿದ್ದರಲ್ಲಿ ನ್ಯಾಯ ಇತ್ತು. ವೆಬ್ ಕಾಮಿಕ್ ಎಂದರೆ ನೋಡುವವರಿಗೆ ಒಂದು ಚಿತ್ರ, ಕೆಳಗೆ 'ಹಿಂದಿನದು', 'ಮುಂದಿನದು' ಎಂಬ ಎರಡು ಗುಂಡಿ. ಆದರೆ ಹೊಸ ಚಿತ್ರ ಬಂದಾಗಲೆಲ್ಲ ಮುಖಪುಟ ಬದಲಾಗಬೇಕು. ನಿನ್ನೆಯವರೆಗೆ ಕೊನೆಯದಾಗಿದ್ದ ಪುಟಕ್ಕೆ 'ಮುಂದಿನದು' ಎಂಬ ಕೊಂಡಿ ಸೇರಬೇಕು. ಹಳೆಯ ಚಿತ್ರಗಳ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಬೇಕು. ಮೂರು ಕಡೆ ಕೈ ಹಾಕಬೇಕು, ಪ್ರತಿ ವಾರ. ಇದು ಬುದ್ಧಿಯ ಕೆಲಸ ಅಲ್ಲ, ಚಾಕರಿ. ಚಾಕರಿಗೆ ಬೇಸತ್ತು ಚಿತ್ರವನ್ನೇ ನಿಲ್ಲಿಸಿದವರು ಪ್ರಪಂಚದಲ್ಲಿ ಬೇಕಾದಷ್ಟು ಇದ್ದಾರು.

ಇದಕ್ಕೆ ಪರಿಹಾರವೂ ನಾವು ಹುಟ್ಟುವ ಮೊದಲೇ ಬಂದಿದೆ. 2000ದಲ್ಲಿ ಅಮೆರಿಕದಲ್ಲಿ ಕೀನ್‌ಸ್ಪೇಸ್ ಎಂಬ ತಾಣ ಶುರುವಾಯಿತು. ಯಾರು ಬೇಕಾದರೂ ಅಲ್ಲಿ ಉಚಿತವಾಗಿ ಕಾಮಿಕ್ಸ್ ಹಾಕಬಹುದಿತ್ತು. ಅದರ ಹಿಂದೆ ಆಟೋಕೀನ್ ಎಂಬ ಸ್ಕ್ರಿಪ್ಟ್ ಇತ್ತು. ಅದರ ಉಪಾಯ ಎಷ್ಟು ಸರಳ ಎಂದರೆ, ಚಿತ್ರದ ಫೈಲಿಗೆ ಪ್ರಕಟವಾಗಬೇಕಾದ ದಿನಾಂಕವನ್ನೇ ಹೆಸರಾಗಿ ಇಡುವುದು. ಉಳಿದದ್ದನ್ನು ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಆಮೇಲೆ ವರ್ಡ್‌ಪ್ರೆಸ್ ಮೇಲೆ ಕೂರುವ ಕಾಮಿಕ್‌ಪ್ರೆಸ್, ಕಾಮಿಕ್ ಈಸೆಲ್ ಬಂದವು. ಸುಮ್ಮನೆ ಕೆಲವು ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್ ಫೈಲುಗಳಷ್ಟೇ ಆಗಿರುವ ರೇರ್‌ಬಿಟ್ ಕೂಡ ಉಂಟು. ಎಲ್ಲವೂ ಉಚಿತ. ವರ್ಡ್‌ಪ್ರೆಸ್ ನೋಡಲು ಚಂದ, ಆದರೆ ಅದಕ್ಕೆ ಡೇಟಾಬೇಸ್ ಬೇಕು, ಆಗಾಗ ಅಪ್‌ಡೇಟ್ ಬೇಕು, ಮುಖ್ಯವಾಗಿ ಅದನ್ನು ಬಲ್ಲ ಒಬ್ಬರು ಯಾವಾಗಲೂ ಬೇಕು. ಎರಡು ವರ್ಷಕ್ಕೊಮ್ಮೆ ಊರು ಖಾಲಿಯಾಗುವ ನಮ್ಮಂಥ ಕಡೆ ಅದು ನಡೆಯುವುದಿಲ್ಲ ಎಂದು ನನಗೆ ಅನಿಸಿತು. ಆಟೋಕೀನ್‌ನ ಉಪಾಯವನ್ನೇ ಹಿಡಿದು, ಕಂಪ್ಯೂಟರ್ ಸೈನ್ಸ್‌ನಲ್ಲಿ ಕಲಿತ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಸುಮಾರು 40 ಸಾಲು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲ್ಯಾಬಿನ ಸಮಯದಲ್ಲಿ ಸ್ವಲ್ಪ, ಮೊಬೈಲಿನಲ್ಲಿ ಸ್ವಲ್ಪ ಬರೆದದ್ದು.

ಅದು ಮಾಡುವುದು ಇಷ್ಟು. ಒಂದು ಫೋಲ್ಡರಿನಲ್ಲಿರುವ ಚಿತ್ರಗಳ ಹೆಸರುಗಳನ್ನು ಓದುತ್ತದೆ. ಹೆಸರಿನ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಇವತ್ತಿಗಿಂತ ಮುಂದಿನ ದಿನಾಂಕದವನ್ನು ಸದ್ಯಕ್ಕೆ ಬಿಡುತ್ತದೆ. ಉಳಿದ ಪ್ರತಿಯೊಂದಕ್ಕೂ ಒಂದು ಪುಟ ಮಾಡಿ, ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಹಾಕುತ್ತದೆ. ಕೊನೆಯ ಪುಟವನ್ನೇ ಮುಖಪುಟವಾಗಿಯೂ ಬರೆದಿಡುತ್ತದೆ. ಪ್ರತಿ ಸಲ ಎಲ್ಲ ಪುಟಗಳನ್ನೂ ಮೊದಲಿನಿಂದ ಮಾಡುತ್ತದೆ. ನೂರು ಪುಟ ಮಾಡಲು ಅದಕ್ಕೆ ಒಂದು ಉಸಿರು ಸಾಕು.

ಇಲ್ಲಿ ಪೈಥಾನ್ ಕಲಿಯುವ ಪ್ರಥಮ ಪಿಯುಸಿಯವರಿಗೆ ಒಂದು ಮಾತು. ಪಟ್ಟಿಯ ಸೊನ್ನೆಯನೇ ಸ್ಥಾನದಲ್ಲಿ ನಿಂತು ಒಂದನ್ನು ಕಳೆದರೆ ಮೈನಸ್ ಒಂದು. ಬೇರೆ ಕೆಲವು ಭಾಷೆಗಳಲ್ಲಿ ಅದು ತಪ್ಪು ಎಂದು ಬೈಸಿಕೊಳ್ಳುತ್ತೀರಿ. ಪೈಥಾನ್‌ನಲ್ಲಿ ಮೈನಸ್ ಒಂದು ಎಂದರೆ ಪಟ್ಟಿಯ ಕೊನೆಯದು! ಹಾಗಾಗಿ ಮೊಟ್ಟಮೊದಲ ಚಿತ್ರಕ್ಕೆ 'ಹಿಂದಿನದು' ಕೊಂಡಿ ಇರಬಾರದು ಎಂದು ಒಂದು ಇಫ್ ಹಾಕಿ ಹೇಳಲೇಬೇಕು. ಇಲ್ಲದಿದ್ದರೆ ಮೊದಲ ಸ್ಟ್ರಿಪ್‌ನಿಂದ ಹಿಂದೆ ಹೋದವರು ಈ ವಾರದ ಸ್ಟ್ರಿಪ್‌ಗೆ ಬಂದು ಬೀಳುತ್ತಾರೆ. ನಮ್ಮ ಕಂಡಕ್ಟರ್ ಇದನ್ನು ಮೆಚ್ಚಿಯಾನು.

ದಿನಾಂಕ ಬರೆಯುವ ರೀತಿಯಲ್ಲೂ ಒಂದು ಗುಟ್ಟು ಉಂಟು. ನಾವು ದಿನ, ತಿಂಗಳು, ವರ್ಷ ಎಂದು ಬರೆಯುವವರು. ಜುಲೈ 28ಕ್ಕೆ 28072025, ಆಗಸ್ಟ್ 4ಕ್ಕೆ 04082025 ಎಂದು ಹೆಸರಿಟ್ಟರೆ, ಕಂಪ್ಯೂಟರ್ ಮೊದಲ ಅಂಕೆ ನೋಡಿ ಆಗಸ್ಟನ್ನು ಜುಲೈಗಿಂತ ಮುಂಚೆ ನಿಲ್ಲಿಸುತ್ತದೆ. ವರ್ಷ ಮೊದಲು ಬಂದರೆ, ಅಂದರೆ 20250728 ಆಮೇಲೆ 20250804 ಎಂದಾದರೆ, ಹೆಸರಿನ ಸಾಲೂ ಕಾಲದ ಸಾಲೂ ಒಂದೇ. ಡೇಟಾಬೇಸ್ ಬೇಡ, ಬೇರೆ ಪಟ್ಟಿ ಬೇಡ. ಫೋಲ್ಡರೇ ಪುಸ್ತಕ, ಫೈಲಿನ ಹೆಸರೇ ಪುಟಸಂಖ್ಯೆ. ಸ್ಕ್ರಿಪ್ಟ್ ಹಾಳಾದರೂ ಫೋಲ್ಡರ್ ತೆರೆದವರಿಗೆ ಯಾವುದು ಯಾವಾಗಿನದು ಎಂದು ಗೊತ್ತಾಗುತ್ತದೆ. ನನಗೆ ಅತ್ಯಂತ ಸಮಾಧಾನ ಕೊಡುವ ವಿಷಯ ಇದೇ.

ಸೈಟ್ ಇರುವುದು ಗಿಟ್‌ಹಬ್ ಪೇಜಸ್‌ನಲ್ಲಿ. ಅದಕ್ಕೂ ದುಡ್ಡಿಲ್ಲ. ಸ್ವಂತ ಡೊಮೈನ್ ಹೆಸರು ಕೊಳ್ಳೋಣ ಎಂದು ಕ್ಲಾಸಿನಲ್ಲಿ ಕೆಲವರು ಉತ್ಸಾಹದಿಂದ ಹೇಳಿದರು. ಅದಕ್ಕೆ ವರ್ಷವರ್ಷ ಹಣ ಕಟ್ಟಬೇಕು. ಈ ವರ್ಷ ನಾವು ಚಂದಾ ಎತ್ತಿ ಕಟ್ಟಬಹುದು, ಮೂರನೆಯ ವರ್ಷ ಕಟ್ಟುವವರು ಯಾರು? ಬೇಡ ಎಂದೆವು.

ಸೋಮವಾರ ಬೆಳಗ್ಗೆ ಸ್ಕ್ರಿಪ್ಟನ್ನು ಎಬ್ಬಿಸುವುದೂ ಗಿಟ್‌ಹಬ್ಬೇ. ಇಂಥ ದಿನ ಇಂಥ ಹೊತ್ತಿಗೆ ಇದನ್ನು ಓಡಿಸು ಎಂದು ಒಂದು ಸಾಲು ಬರೆದಿಟ್ಟರೆ ಸಾಕು. ಯುನಿಕ್ಸ್ ಕಾಲದ ಕ್ರಾನ್ ಎಂಬ ಪದ್ಧತಿ ಅದು. ಆದರೆ ಅದರ ಗಡಿಯಾರ ನಮ್ಮದಲ್ಲ, ಅದಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ನಮ್ಮ ಬೆಳಗ್ಗಿನ 6.47 ಬೇಕಾದರೆ ಅಲ್ಲಿ 1.17 ಎಂದು ಬರೆಯಬೇಕು. ಸರಿಯಾಗಿ ಗಂಟೆಗೆ ಇಟ್ಟರೆ ಪ್ರಪಂಚದ ಎಲ್ಲರೂ ಅದೇ ಹೊತ್ತಿಗೆ ಇಟ್ಟಿರುತ್ತಾರೆ, ತಡವಾಗುತ್ತದೆ. ಆದ್ದರಿಂದ ಈ ಓರೆಕೋರೆ ನಿಮಿಷ. ಇನ್ನೊಂದು ವಿಷಯ: ನಮ್ಮ ಮಧ್ಯರಾತ್ರಿಯಿಂದ ಬೆಳಗ್ಗೆ 5.30ರವರೆಗೆ ಆ ಸರ್ವರ್‌ಗೆ ಇನ್ನೂ ನಿನ್ನೆಯೇ ನಡೆಯುತ್ತಿರುತ್ತದೆ. ಹಾಗಾಗಿ 'ಇವತ್ತು' ಯಾವ ದಿನ ಎಂದು ಕೇಳುವ ಕಡೆ ಐದೂವರೆ ಗಂಟೆ ಕೂಡಿಸಿದ್ದೇನೆ.

ಮಳೆಗಾಲದಲ್ಲಿ ಇದರ ಬೆಲೆ ತಿಳಿಯಿತು. ಜುಲೈ ಆಗಸ್ಟ್‌ನಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವುದು ಕಷ್ಟ, ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಒಂದು ಸೋಮವಾರ ನಮ್ಮ ಮನೆಯಲ್ಲೂ ಅವಳ ಮನೆಯಲ್ಲೂ ಮೊಬೈಲ್ ಸತ್ತು ಬಿದ್ದಿತ್ತು. ಕಾಲೇಜಿಗೆ ಬಂದಾಗ ಕಾರ್ಕಳ ಕಡೆಯ ಹುಡುಗಿಯರು ಆ ದಿನದ ಸ್ಟ್ರಿಪ್ ನೋಡಿ ನಗುತ್ತಿದ್ದರು. ಬಿಡಿಸಿದವಳೇ ಅದನ್ನು ಸೈಟಿನಲ್ಲಿ ನೋಡಿರಲಿಲ್ಲ.

ನೆಟ್‌ವರ್ಕಿನ ಮಾತು ಬಂದದ್ದರಿಂದ ಚಿತ್ರದ ಗಾತ್ರದ ಬಗ್ಗೆ. ಅವಳು ಕಾಗದದ ಮೇಲೆ ಜೆಲ್ ಪೆನ್ನಿನಲ್ಲಿ ಬಿಡಿಸಿ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾಳೆ. ಆ ಫೋಟೊ ನಾಲ್ಕೈದು ಎಂಬಿ. ಗುಡ್ಡದ ಬದಿಯ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅದು ತೆರೆಯುವಷ್ಟರಲ್ಲಿ ತಮಾಷೆ ಹಳಸಿರುತ್ತದೆ. ಪಿಲ್ಲೋ ಎಂಬ ಪೈಥಾನ್ ಲೈಬ್ರರಿ ಅದನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿ ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಕೊನೆಗೆ 100 ಕೆಬಿ ಆಸುಪಾಸಿಗೆ ಬರುತ್ತದೆ. ಮೂಲ ಫೋಟೊ ಬೇರೆ ಫೋಲ್ಡರಿನಲ್ಲಿ ಹಾಗೆಯೇ ಇರುತ್ತದೆ.

ಇನ್ನು ಕನ್ನಡ. ಇದರಲ್ಲಿ ಇಂಗ್ಲಿಷಿನ ಸ್ಕ್ರಿಪ್ಟುಗಳು ನಮಗೆ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಚಿತ್ರದ ಕೆಳಗೆ ಕಾಮಿಕ್ಸಿನ ಹೆಸರನ್ನು ಅಚ್ಚು ಹಾಕಬೇಕಿತ್ತು, ಯಾಕೆಂದು ಆಮೇಲೆ ಹೇಳುತ್ತೇನೆ. ಪಿಲ್ಲೋಗೆ ಕನ್ನಡ ಅಕ್ಷರ ಕೊಟ್ಟರೆ, ಅಕ್ಷರ ಜೋಡಿಸುವ ರಾಕ್ಮ್ ಎಂಬ ಇನ್ನೊಂದು ಲೈಬ್ರರಿ ಜೊತೆಗಿಲ್ಲದಿದ್ದಾಗ, ಒತ್ತಕ್ಷರಗಳು ಒತ್ತಿಗೆ ಇಳಿಯದೆ ಪಕ್ಕದಲ್ಲೇ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗೆಳತಿ ಇದನ್ನು ಕೇಳಿ ಒಂದು ಕಾಗದದ ಮೇಲೆ ಕಾಮಿಕ್ಸಿನ ಹೆಸರನ್ನು ಕೈಯಲ್ಲೇ ಬರೆದು, ಫೋಟೊ ತೆಗೆದು, "ಇದನ್ನು ಅಂಟಿಸು" ಎಂದಳು. ಈಗ ಸ್ಕ್ರಿಪ್ಟ್ ಅದನ್ನೇ ಪ್ರತಿ ಚಿತ್ರದ ಕೆಳಗೆ ಅಂಟಿಸುತ್ತದೆ. ಯಾವ ಲೈಬ್ರರಿಯೂ ಬೇಡವಾಯಿತು.

ಚಿತ್ರದೊಳಗಿನ ಮಾತುಗಳನ್ನು ಬೇರೆಯಾಗಿ ಒಂದು ಪಠ್ಯ ಫೈಲಿನಲ್ಲೂ ಬರೆಯುತ್ತೇವೆ. ಅದಕ್ಕೂ ಅದೇ ದಿನಾಂಕದ ಹೆಸರು. ಚಿತ್ರವಿದ್ದು ಪಠ್ಯ ಇಲ್ಲದಿದ್ದರೆ ಸ್ಕ್ರಿಪ್ಟ್ ಆ ಸ್ಟ್ರಿಪ್ಪನ್ನು ಪ್ರಕಟಿಸುವುದಿಲ್ಲ. ಈ ಹಟವನ್ನು ನಾನೇ ಅದಕ್ಕೆ ಕಲಿಸಿದ್ದು. ನನ್ನ ಉಪ್ಪನ ಅಣ್ಣ, ಅಂದರೆ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿದೆ. ಅವರ ಮೊಬೈಲ್ ಪರದೆಯ ಮೇಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಚಿತ್ರ ಬಂದಾಗ ಮಾತ್ರ ಅದು 'ಚಿತ್ರ' ಎಂದು ಹೇಳಿ ಮುಂದೆ ಹೋಗುತ್ತಿತ್ತು. ಈಗ ಪಠ್ಯ ಓದುತ್ತದೆ. ಕಂಡಕ್ಟರ್ ಹಿಂದಿನ ಗಾಜಿನ ಹೊರಗೆ ಟಿಕೆಟ್ ಕೊಟ್ಟ ವಾರ ಅವರು ಫೋನ್ ಮಾಡಿ, "ಚಿಲ್ಲರೆ ಕೊಟ್ಟನಾ ಇಲ್ಲವಾ?" ಎಂದು ಕೇಳಿದರು. ಆ ಪ್ರಶ್ನೆಯೇ ಮುಂದಿನ ವಾರದ ಸ್ಟ್ರಿಪ್ ಆಯಿತು.

ಪಠ್ಯವನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಮಾಡಿದ್ದನ್ನು ವೆಬ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಬದಲಾಯಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಕೀಲಿಮಣೆ ಮಾತ್ರ ಅದೇ ಹಳೆಯದನ್ನು ಬಳಸಬಹುದು. ನುಡಿಯಲ್ಲಿರುವ ಆ ಕೀಲಿಮಣೆ ವಿನ್ಯಾಸವನ್ನು ರೂಪಿಸಿದವರು ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್. ಪುಟದ ಶೀರ್ಷಿಕೆಗೆ ಬಾಲೂ ತಮ್ಮ ಎಂಬ ಉಚಿತ ಕನ್ನಡ ಫಾಂಟ್ ಹಾಕಿದ್ದೇವೆ. ದುಂಡಗೆ ದಪ್ಪಗೆ ಇದೆ, ಕಾಮಿಕ್ಸಿಗೆ ಒಪ್ಪುತ್ತದೆ.

ಮಾತನ್ನು ಚಿತ್ರದಿಂದ ಬೇರೆ ಇಡುವ ಯೋಚನೆ ನಮ್ಮದೇನಲ್ಲ. ಫ್ರಾನ್ಸಿನ ಡೇವಿಡ್ ರೆವಾ ಎಂಬವರು 2014ರಿಂದ 'ಪೆಪ್ಪರ್ ಅಂಡ್ ಕ್ಯಾರೆಟ್' ಎಂಬ ವೆಬ್ ಕಾಮಿಕ್ ಮಾಡುತ್ತಿದ್ದಾರೆ. ಚಿತ್ರ ಒಂದು ಫೈಲ್, ಮಾತಿನ ಗುಳ್ಳೆಗಳು ಇನ್ನೊಂದು ಫೈಲ್. ಹಾಗಿರುವುದರಿಂದಲೇ ಅದನ್ನು ಯಾರ್ಯಾರೋ ತಮ್ಮ ತಮ್ಮ ಭಾಷೆಗೆ ತಂದಿದ್ದಾರೆ. ಅದಕ್ಕಿಂತ ಎಷ್ಟೋ ಮೊದಲು ಇದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಕಾಗದದಲ್ಲಿ ಮಾಡಿದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಎಂಬುದು ಲೈಬ್ರರಿಯಲ್ಲಿ ಅಮರ ಚಿತ್ರಕಥೆ ತಿರುವಿ ಹಾಕುವ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡರು, 12ನೇ ವಯಸ್ಸಿಗೆ ಮುಂಬೈಗೆ ಹೋದರು, ಓದಿದ್ದು ರಾಸಾಯನಿಕ ತಂತ್ರಜ್ಞಾನ. 1967ರಲ್ಲಿ ಅಮರ ಚಿತ್ರಕಥೆ, 1980ರಲ್ಲಿ ಟಿಂಕಲ್. ಅವರಿಗೆ ರಾಮ್ ವಾಯೀರ್‌ಕರ್ ಅವರಂಥ ಕಲಾವಿದರು ಇದ್ದರು, ಅಕ್ಷರ ಬರೆಯುವವರು ಬೇರೆ, ಬಣ್ಣ ಹಾಕುವವರು ಬೇರೆ, ಮುದ್ರಣಾಲಯ, ಅಂಗಡಿಗೆ ಪುಸ್ತಕ ಮುಟ್ಟಿಸುವವರು ಬೇರೆ. ನಮ್ಮಲ್ಲಿ ಬಿಡಿಸುವವಳು ಒಬ್ಬಳು. ಮುದ್ರಣಾಲಯ ಮತ್ತು ಅಂಗಡಿಯ ಪಾಲಿನ ಕೆಲಸ ಮಾತ್ರ ಆ 40 ಸಾಲುಗಳದ್ದು.

ಈಗ ಆ ಅಚ್ಚಿನ ವಿಷಯ. ಚಿತ್ರಗಳು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಗುವಾಗ ಬಿಡಿಸಿದವರ ಸಹಿ ಅಂಚಿನಲ್ಲಿದ್ದರೆ ಕತ್ತರಿಸಿ ಹೋಗುತ್ತದೆ. ಮೂರನೆಯ ಕೈಗೆ ಬರುವಾಗ ಅದು ಯಾರದ್ದೂ ಅಲ್ಲದ ಚಿತ್ರ. ಅದಕ್ಕೇ ಹೆಸರು ಕೊನೆಯ ಚೌಕಕ್ಕೆ ಅಂಟಿಕೊಂಡೇ ಇರುತ್ತದೆ. ಇದರ ಇನ್ನೊಂದು ಮುಖವೂ ಉಂಟು. ಅವಳಿಗೆ ಜ್ವರ ಬಂದ ವಾರ ಕ್ಲಾಸಿನಲ್ಲಿ ಒಂದು ಸಲಹೆ ಬಂತು: ಚಿತ್ರ ಇಲ್ಲದ ಸೋಮವಾರ ಸ್ಕ್ರಿಪ್ಟೇ ಬೇರೆ ಕಡೆಯಿಂದ ಒಂದು ಕಾಮಿಕ್ಸ್ ತಂದು ಹಾಕಲಿ. ಮಾಡಲು ಕಷ್ಟವೇ ಇಲ್ಲ. ಎಕ್ಸ್‌ಕೆಸಿಡಿ ಎಂಬ ಪ್ರಸಿದ್ಧ ವೆಬ್ ಕಾಮಿಕ್ ತನ್ನ ಪ್ರತಿ ಚಿತ್ರದ ವಿವರವನ್ನು ಪ್ರೋಗ್ರಾಂಗಳು ಓದುವ ಹಾಗೆ ತೆರೆದೇ ಇಟ್ಟಿದೆ, ಹೆಸರು ಹೇಳಿ ಲಾಭಕ್ಕಲ್ಲದೆ ಬಳಸಲು ಅನುಮತಿಯೂ ಇದೆ. ಆದರೆ ಪತ್ರಿಕೆಗಳ ವ್ಯಂಗ್ಯಚಿತ್ರಗಳಿಗೆ ಹಾಗಿಲ್ಲ, ಸ್ಕ್ರಿಪ್ಟಿಗೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ. ಅನುಮತಿ ಇದ್ದದ್ದನ್ನೂ ನಾವು ಹಾಕಲಿಲ್ಲ. ಖಾಲಿ ಸೋಮವಾರ ಹಿಂದಿನ ವಾರದ ಚಿತ್ರವೇ ಮುಖಪುಟದಲ್ಲಿ ಕೂತಿತ್ತು. ಕಂಡಕ್ಟರಿಗೂ ರಜೆ ಬೇಡವೇ?

ಮುಂದೆ ಬರುವ ಖಾಲಿ ವಾರಗಳಿಗೆ ಮಾತ್ರ ಈಗಲೇ ಏರ್ಪಾಡಾಗಿದೆ. ಫೆಬ್ರವರಿಯಲ್ಲಿ ರಂಜಾನ್ ಶುರು, ಅದರ ಬೆನ್ನಿಗೇ ಪಬ್ಲಿಕ್ ಪರೀಕ್ಷೆ. ಉಪವಾಸ, ತರಾವೀಹ್, ರಿವಿಷನ್ ನಡುವೆ ಪೆನ್ನು ಹಿಡಿಯಲು ಆಗದು ಎಂದು ಅವಳು ಡಿಸೆಂಬರ್ ರಜೆಯಲ್ಲೇ ಆರು ಸ್ಟ್ರಿಪ್ ಮಾಡಿದ್ದಾಳೆ. ಫೆಬ್ರವರಿ 16ರಿಂದ ಮಾರ್ಚ್ 23ರವರೆಗಿನ ಸೋಮವಾರಗಳ ಹೆಸರು ಹೊತ್ತು ಅವು ಫೋಲ್ಡರಿನಲ್ಲಿ ಕಾಯುತ್ತಿವೆ. ಫೋಲ್ಡರ್ ಎಲ್ಲರಿಗೂ ತೆರೆದಿರುವುದರಿಂದ ಜಾಣರು ಮೊದಲೇ ಇಣುಕಿ ನೋಡಬಹುದು. ಹಾಸ್ಟೆಲಿನ ಇಬ್ಬರು ಈಗಾಗಲೇ ನೋಡಿಯಾಗಿದೆ, ದಯವಿಟ್ಟು ಉಳಿದವರಿಗೆ ಹೇಳಬೇಡಿ.

ನಾವು ಹೋದ ಮೇಲೆ ಏನು ಎಂಬುದಕ್ಕೆ ಮಾಡಿದ್ದು ಇಷ್ಟು. ಖಾತೆ ನನ್ನದೂ ಅವಳದೂ ಅಲ್ಲ, ಗಿಟ್‌ಹಬ್‌ನಲ್ಲಿ ಕಾಲೇಜಿನ ಹೆಸರಿನಲ್ಲಿ ಒಂದು ಗುಂಪು. ಅದಕ್ಕೆ ಇಬ್ಬರು ಒಡೆಯರು, ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ನಮ್ಮ ಕಂಪ್ಯೂಟರ್ ಸೈನ್ಸ್ ಸರ್. ಎಲ್ಲವನ್ನೂ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಅದರ ಕೊನೆಯ ಸಾಲು ರಜೆಯ ಬಗ್ಗೆ. ತೆರೆದ ಫೋಲ್ಡರಿನಲ್ಲಿ 60 ದಿನ ಯಾವ ಚಲನೆಯೂ ಇಲ್ಲದಿದ್ದರೆ ಗಿಟ್‌ಹಬ್ ಆ ಬೆಳಗ್ಗಿನ ಓಟವನ್ನು ನಿಲ್ಲಿಸುತ್ತದೆ. ಅವರ ನಿಯಮದಲ್ಲೇ ಹಾಗೆ ಇದೆ. ಏಪ್ರಿಲ್ ಮತ್ತು ಮೇ ಸೇರಿದರೆ 61 ದಿನ. ಜೂನ್‌ನಲ್ಲಿ ಬಂದವರು ಒಂದು ಗುಂಡಿ ಒತ್ತಿ ಅದನ್ನು ಮತ್ತೆ ಎಬ್ಬಿಸಬೇಕು.

ಕಳೆದ ಗುರುವಾರ ಪ್ರಥಮ ಪಿಯುಸಿಯ ಇಬ್ಬರಿಗೆ ಆ ಪುಟ ಕೊಟ್ಟು ನಾನು ಲ್ಯಾಬಿನ ಹೊರಗೆ ನಿಂತೆ. ಒಬ್ಬಳು ಕಾಮರ್ಸ್‌ನವಳು, ಪೈಥಾನ್ ಗೊತ್ತಿಲ್ಲ. ಹದಿನೈದು ನಿಮಿಷದಲ್ಲಿ ಪರೀಕ್ಷೆಗೆಂದು ಒಂದು ಚಿತ್ರ ಹಾಕಿ, ಮತ್ತೆ ತೆಗೆದೂ ಆಗಿತ್ತು. ಹೊರಗೆ ಬಂದವಳು ಕೇಳಿದ್ದು ಒಂದೇ: "ಅಕ್ಕ, ಕಂಡಕ್ಟರನ್ನೇ ಬಿಡಿಸಬೇಕಾ, ನಮ್ಮದು ಏನಾದರೂ ಆಗುತ್ತದಾ?" ನಿಮ್ಮದೇ ಆಗಬೇಕು ಎಂದೆ. ಪಕ್ಕದಲ್ಲಿದ್ದ ಗೆಳತಿ ಏನೂ ಹೇಳಲಿಲ್ಲ, ಆದರೆ ಮರುದಿನ ತನ್ನ ಅರ್ಧ ಉಳಿದ ಜೆಲ್ ಪೆನ್ನುಗಳ ಪೊಟ್ಟಣ ತಂದು ಅವಳಿಗೆ ಕೊಟ್ಟಳು.

ಮಾರ್ಗದರ್ಶಿ ಪುಟದ ಒಂದು ಪ್ರತಿ ಲ್ಯಾಬಿನ ಕಪಾಟಿನ ಬಾಗಿಲ ಒಳಬದಿಯಲ್ಲಿ ಅಂಟಿಸಿದೆ. ಜೂನ್ 1 ಸೋಮವಾರ ಬರುತ್ತದೆ. 20260601 ಎಂಬ ಹೆಸರಿಗೆ ಇನ್ನೂ ಚಿತ್ರ ಇಲ್ಲ.